ಹೆಸರಿಲ್ಲದ ಮಟ್ಟು

ದೀಪ ಸ್ವಲ್ಪ ಸಣ್ಣ ಮಾಡಿ. ಇದು ನಮ್ಮ ದೊಡ್ಡಪ್ಪನ ಮಗಳಿಗೆ, ಅಂದ್ರೆ ನಮ್ಮಕ್ಕನಿಗೆ ಆಗಿದ್ದು. ಅವಳ ಬಾಯಿಂದಲೇ ಕೇಳಿದ್ದೀನಿ. ಒಂದಕ್ಕೆರಡು ಸೇರಿಸಿ ಹೇಳೋ ಜಾಯಮಾನ ಅವಳದ್ದಲ್ಲ.

ರಾತ್ರಿ ಹತ್ತೂವರೆ ಇರಬೇಕು. ಒಬ್ಬಳೇ ಮನೆಗೆ ನಡೆದು ಬರ್ತಿದ್ದಳು. ದಾರೀಲಿ ಚರ್ಚು, ಅದರ ಪಕ್ಕ ಹಳೇ ಬಾವಿ. ಬಾವಿ ದಾಟಬೇಕು... ಚರ್ಚಿನ ಒಳಗಿಂದ ಸದ್ದು.

ಕಿರ್... ಧಪ್. ಕಿರ್... ಧಪ್.

ಅದೇನು ಅಂತ ಅಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿನ ಆರ್ಗನ್ನು ಕಾಲಲ್ಲಿ ತುಳಿದು ಗಾಳಿ ತುಂಬೋ ಹಳೇ ಕಾಲದ್ದು. ಎಡಗಡೆ ಪೆಡಲ್ಲು ಕಿರ್ ಅನ್ನುತ್ತೆ, ಬಲಗಡೆಯದ್ದು ಧಪ್ ಅನ್ನುತ್ತೆ. ಅದನ್ನ ಈಗ ನುಡಿಸೋಳು ಅಕ್ಕನೇ. ಬೀಗದ ಕೈ ಅವಳ ಚೀಲದಲ್ಲೇ ಇತ್ತು.

ಅವಳಿಗಿಂತ ಮುಂಚೆ ನಲವತ್ತೈದು ವರ್ಷ ನುಡಿಸಿದೋರು ಮುದ್ರೆ ಮೇಷ್ಟ್ರು. ಅವರು ತೀರಿಕೊಂಡು ಆಗ ಎರಡು ತಿಂಗಳು.

ಮೇಷ್ಟ್ರು ಹಗಲೆಲ್ಲ ಅಂಚೆ ಕಚೇರೀಲಿ ಕಾಗದಗಳಿಗೆ ಮುದ್ರೆ ಒತ್ತೋರು, ಸಂಜೆ ಮಕ್ಕಳಿಗೆ ಹಾಡು ಹೇಳಿಕೊಡೋರು. ಟಪ್, ಟಪಟಪ್ ಅಂತ ಒತ್ತುತ್ತಾ ಒತ್ತುತ್ತಾ ಆ ತಾಳಕ್ಕೇ ತಲೇಲಿ ಮಟ್ಟು ಕಟ್ಟೋರಂತೆ. ಹಳೇ ಕೀರ್ತನೆ, ಹೊಸ ಮಟ್ಟು. ಹಾಗೆ ನಲವತ್ತೊಂದು ಕಟ್ಟಿದ್ರು. ಚರ್ಚಿನ ಹಾಡಲ್ಲಿ ಪದಕ್ಕೆ ಬೇರೆ ಹೆಸರು, ಮಟ್ಟಿಗೇ ಬೇರೆ ಹೆಸರು. ಇವರು ಒಂದಕ್ಕೆ ‘ಹಳೇ ಸೇತುವೆ’ ಅಂತ ಇಟ್ಟಿದ್ರು, ಇನ್ನೊಂದಕ್ಕೆ ‘ಸೋರೋ ಸೂರು’, ಪಾದ್ರಿಗಳ ಕಣ್ಣಿಗೆ ಬೀಳದ ಹಾಗೆ ಮತ್ತೊಂದಕ್ಕೆ ‘ಉದ್ದ ಉಪದೇಶ’. ನಾಲ್ಕು ಮಟ್ಟು ಪುಸ್ತಕದಲ್ಲಿ ಅಚ್ಚಾದವು. ಇವರ ಹೆಸರು ಇರಬೇಕಾದ ಕಡೆ ‘ಕರ್ತೃ ತಿಳಿಯದು’ ಅಂತಿತ್ತು. ಅದನ್ನ ನೋಡಿ ಮೇಷ್ಟ್ರು, “ಒಳ್ಳೇದೇ ಆಯ್ತು ಬಿಡು, ಬೈಯೋರಿಗೆ ವಿಳಾಸ ಸಿಗಲ್ಲ” ಅಂದಿದ್ರಂತೆ.

ಅವರು ಹೋದ ಮೇಲೆ ಅವರ ಹೆಂಡತಿ ಅಕ್ಕನನ್ನ ಕರೆದ್ರು. ಅಕ್ಕ ಅವರನ್ನ ಅಮ್ಮ ಅಂತಲೇ ಕರೀತಿದ್ದಳು. “ಇವರ ಮಟ್ಟಿನ ಹಾಳೆಗಳಲ್ಲಿ ಶಾಯಿ ಮಾಸ್ತಾ ಇದೆ ಮಗಳೇ, ಬೇರೆ ಪುಸ್ತಕಕ್ಕೆ ಇಳಿಸಿಕೊಡು” ಅಂದ್ರು. ದಿನಾ ಕೆಲಸ ಮುಗಿಸಿ ಹೋಗಿ ಒಂದೊಂದೇ ಬರೀತಿದ್ದಳು. ಆ ಸದ್ದು ಕೇಳಿದ ದಿನ ಒಂದು ಹಾಳೆ ಸಿಕ್ತು. ಮೇಲೆ ಬರೀ ಗೆರೆ. ಹೆಸರಿಲ್ಲ.

“ಅಮ್ಮಾ, ಇದಕ್ಕೆ ಹೆಸರೇ ಇಟ್ಟಿಲ್ವಲ್ಲ?”

ಅಮ್ಮ ಹಾಳೆ ಇಸಕೊಂಡು ಕಣ್ಣ ಹತ್ತಿರ ಹಿಡಿದ್ರು. ಆಮೇಲೆ... “ಅದು ನಮ್ಮ ಮಗೂದು” ಅಂದ್ರು.

ಅವರಿಗೊಂದು ಮಗು ಆಗಿತ್ತು ಅನ್ನೋದೇ ಅಕ್ಕನಿಗೆ ಗೊತ್ತಿರಲಿಲ್ಲ. ಹೆಣ್ಣು ಮಗು. ಹನ್ನೊಂದು ದಿನ ಇತ್ತು. ಭಾನುವಾರ ಚರ್ಚಲ್ಲಿ ಹೆಸರಿಡಬೇಕು. ಶನಿವಾರ ಬೆಳಗಿನ ಜಾವ ಹೋಗಿಬಿಡ್ತು. ಮಣ್ಣು ಮಾಡಿ ಬಂದ ರಾತ್ರಿ ಮೇಷ್ಟ್ರು ಕೂತು ಈ ಮಟ್ಟು ಬರೆದ್ರು. ಒಂದು ದಿನಾನೂ ನುಡಿಸಲಿಲ್ಲ. ನಲವತ್ತು ವರ್ಷ, ಮಗುವಿನ ಮಾತೇ ಎತ್ತಲಿಲ್ಲ.

“ಹೊಟ್ಟೇಲಿದ್ದಾಗಿಂದ ನಾನು ಅವಳನ್ನ ಒಂದು ಹೆಸರು ಹಿಡಿದು ಕರೀತಿದ್ದೆ. ಮನಸ್ಸಲ್ಲೇ. ಅವರು ಕೇಳಲಿಲ್ಲ... ನಾನು ಹೇಳಲಿಲ್ಲ.”

ಇಷ್ಟು ಕೇಳಿಕೊಂಡು ಬರ್ತಿದ್ದಾಗಲೇ ಆ ಸದ್ದು.

ಅಕ್ಕ ಬೀಗ ತೆಗೆದಳು. ಒಳಗೆ ಕತ್ತಲೆ. ಕಿರ್... ಧಪ್. ಮೊದಲು ಗಾಳಿ, ಹುಸ್ಸ್ ಅಂತ. ಆಮೇಲೆ ಮಟ್ಟು. ಅರ್ಧ ಗಂಟೆ ಹಿಂದೆ ತಾನು ಇಳಿಸಿಕೊಂಡಿದ್ದಳಲ್ಲ... ಅದೇ. ಆರ್ಗನ್ನಿನ ಮುಂದೆ ಒಂದು ಬೆನ್ನು. ಬಲಭುಜ ಇಳಿದಿತ್ತು. ಮುದ್ರೆ ಒತ್ತಿ ಒತ್ತಿ ಇಳಿದ ಭುಜ.

“ಮೇಷ್ಟ್ರೇ...?”

ಕಾಲು ನಿಂತಿತು. ಒಳಗಿದ್ದ ಗಾಳಿ ನಿಧಾನಕ್ಕೆ ಇಳೀತು. ಅವರು ತಿರುಗಲಿಲ್ಲ.

“ಅವಳು ಮಗೂನ ಏನಂತ ಕರೀತಿದ್ದಳು... ಕೇಳಿ ಹೇಳ್ತೀಯಾ?”

“ನೀವೇ ಕೇಳಬಹುದಿತ್ತಲ್ಲ.” ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

“ಬಾಯಿ ಬರಲಿಲ್ಲ ಕಣಮ್ಮ.”

ಅಷ್ಟೇ. ಕಣ್ಣು ಮಿಟುಕಿಸೋದರೊಳಗೆ ಬೆಂಚು ಖಾಲಿ.

ಬೆಳಗ್ಗೆ ಹೋಗಿ ಅಮ್ಮನಿಗೆ ಹೇಳಿದಳು. ಅವರು ಯಾರಿಗೋ ಕೊಡೋಕೆ ಅಂತ ಮೇಷ್ಟ್ರ ಶರ್ಟು ಮಡಚ್ತಾ ಇದ್ರು. ಹೆದರಲಿಲ್ಲ, ಅಳಲಿಲ್ಲ. ಕೈಯೂ ನಿಲ್ಲಿಸಲಿಲ್ಲ.

“ಬದುಕಿದ್ದಾಗ ಕೇಳಬೇಕಿತ್ತು” ಅಂದ್ರು.

ಎರಡು ರಾತ್ರಿ ಅಕ್ಕ ಸುತ್ತು ದಾರೀಲಿ ಮನೆಗೆ ಹೋದಳು. ಮೂರನೇ ಸಂಜೆ ಬರೆಯೋಕೆ ಕೂತಿದ್ದಾಗ ಅಮ್ಮನೇ ಕೇಳಿದ್ರು, “ಇನ್ನೂ ತುಳೀತಾನೇ ಇದ್ದಾರಾ?”

“ಆ ಕಡೆ ಹೋಗಿಲ್ಲಮ್ಮ.”

“ಮೊಣಕಾಲು ನೋವು ಅವರಿಗೆ” ಅಂದ್ರು ಅಮ್ಮ. ಎದ್ದು ಚಪ್ಪಲಿ ಮೆಟ್ಟಿಕೊಂಡ್ರು. “ಬೀಗದ ಕೈ ತಗೋ.”

ಚರ್ಚಿನ ಬಾಗಿಲು ತೆಗೆಸಿ, “ನೀನು ಇಲ್ಲೇ ಇರು” ಅಂದು ಒಬ್ಬರೇ ಒಳಗೆ ಹೋದ್ರು. ಅಕ್ಕ ಬಾವಿಕಟ್ಟೆ ಮೇಲೆ ಕೂತಳು. ಕಿರ್... ಧಪ್. ಸದ್ದು ಕೇಳಿಸ್ತಿತ್ತು. ಆಮೇಲೆ ನಿಂತಿತು. ಅಮ್ಮನ ಪಿಸುದನಿ. ಬೈತಾ ಇದ್ರು. ನಲವತ್ತು ವರ್ಷ, ನಲವತ್ತು ವರ್ಷ, ಒಂದೇ ಮನೆ, ಒಂದೇ ಒಲೆ... ಅಷ್ಟು ಕೇಳಿಸ್ತು. ಆಮೇಲೆ ಒಂದೇ ಒಂದು ಮಾತು, ಮೆಲ್ಲಗೆ. ಹೆಸರು.

ಒಳಗೆ ಗಂಡಸೊಬ್ಬರು ಅತ್ತ ಸದ್ದು. ಜೋರಲ್ಲ. ಉಸಿರು ಗಂಟಲಲ್ಲಿ ಸಿಕ್ಕಿ, ಬಿಟ್ಟು, ಮತ್ತೆ ಸಿಕ್ಕಿಕೊಂಡ ಹಾಗೆ.

ಆಮೇಲೆ ಮಟ್ಟು ಮೊದಲಿಂದ ಶುರುವಾಯ್ತು. ಈ ಸಲ ಅಮ್ಮ ಹಾಡ್ತಾ ಇದ್ರು. ಪದ ಇಲ್ಲ. ಬರೀ ಆ ಹೆಸರು, ಸಾಲಿಂದ ಸಾಲಿಗೆ, ಕೊನೇತನಕ. ಕೊನೆಯ ಸ್ವರ ಗಾಳಿ ಮುಗಿಯೋವರೆಗೂ ನಿಂತು... ಅಡಗಿತು.

ಅಮ್ಮ ಹೊರಗೆ ಬಂದ್ರು. “ಮಲಗಿದ್ರು. ನಡಿ” ಅಂದ್ರು.

ಅವತ್ತಿಂದ ಆರ್ಗನ್ನು ರಾತ್ರಿ ನುಡಿದಿಲ್ಲ. ಆ ಹಾಳೆ ಮೇಲೆ ಅಮ್ಮನೇ ತಮ್ಮ ಕೈಯಾರೆ ಹೆಸರು ಬರೆದ್ರು. ಅಕ್ಕನಿಗೆ ಗೊತ್ತು, ನನಗೂ ಗೊತ್ತು. ಇಲ್ಲಿ ಹೇಳಲ್ಲ. ಅದು ಅವರ ಮನೇದು.

ಭ್ರಮೆ ಅಂತೀರಾ? ನಾನೂ ಅಕ್ಕನಿಗೆ ಹಾಗೇ ಅಂದೆ. ಅದಕ್ಕೆ ಅವಳು ಹೇಳಿದ್ದು ಕೇಳಿ. ಅವತ್ತು ಅಮ್ಮನನ್ನ ಮನೆ ತನಕ ಬಿಡೋಕೆ ಹೋದಾಗ, ಬೀದಿದೀಪದ ಬೆಳಕಲ್ಲಿ ನೋಡಿದಳಂತೆ... ಅಮ್ಮನ ಬಟ್ಟೆ ಎದೆಯ ಎರಡೂ ಕಡೆ ಒದ್ದೆಯಾಗಿತ್ತು. ಕಣ್ಣೀರಿರಬೇಕು ಅಂದುಕೊಂಡು ಒಳಗೆ ಕರಕೊಂಡು ಹೋಗಿ ಬಟ್ಟೆ ಬದಲಾಯಿಸಿದಳು. ಎದೆಹಾಲು. ಅಮ್ಮನಿಗೆ ಆಗ ಅರವತ್ತೇಳು ವರ್ಷ. ನಮ್ಮಕ್ಕ ಎರಡು ಮಕ್ಕಳಿಗೆ ಹಾಲೂಡಿಸಿದವಳು, ಆ ವಾಸನೆ ಅವಳಿಗೆ ತಪ್ಪೋದಿಲ್ಲ. ಆ ಬಟ್ಟೆ ಒಗೆದು ಒಣಗಹಾಕಿದ್ದೂ ಅವಳೇ.