ಗೂಡ್ಸ್ ಗಾಡಿಗೆ ಕೊಡದ ಹಸಿರು

ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಅಷ್ಟು ಸಾಕು. ಇದು ಯಾರಿಗೋ ಎಲ್ಲೋ ಆದದ್ದಲ್ಲ, ನನ್ನ ಸ್ವಂತ ಷಡ್ಡಕರಿಗೆ ಆದದ್ದು. ನಾದಿನಿಯ ಗಂಡ. ಕನ್ನಡಕದ ಅಂಗಡಿಯವರು, ಊರಿನ ಅರ್ಧ ಜನ ಅವರು ಕೊಟ್ಟ ಗಾಜಿನಲ್ಲೇ ಲೋಕ ನೋಡುತ್ತಾರೆ. ಅಂಥವರು ತಾವು ಕಣ್ಣಾರೆ ಕಂಡದ್ದನ್ನು ತಪ್ಪಾಗಿ ಹೇಳುತ್ತಾರೆಯೇ?

ಅವರಿಗಿದ್ದದ್ದು ಒಂದೇ ಹುಚ್ಚು, ಗೂಡ್ಸ್ ಗಾಡಿ ನೋಡುವುದು. ಎಕ್ಸ್‌ಪ್ರೆಸ್ ಎದುರಿಗೇ ಬಂದರೂ ಕತ್ತೆತ್ತುವವರಲ್ಲ. ಊರಾಚೆ ಜಂಕ್ಷನ್ನಿನಿಂದ ಕಲ್ಲುಕ್ವಾರಿಗೆ ಹೋಗುವ ಒಂಟಿ ಲೈನಿದೆ, ಹಳಿಗಳ ನಡುವೆ ಹುಲ್ಲು ಬೆಳೆದ ಲೈನು. ಅಪರೂಪಕ್ಕೊಂದು ಗೂಡ್ಸು ಖಾಲಿ ಹೋಗುತ್ತದೆ, ಜಲ್ಲಿ ತುಂಬಿಕೊಂಡು ಬರುತ್ತದೆ. ಹಳಿ ಪಕ್ಕದ ಪಾಳುಬಾವಿಯ ಕಟ್ಟೆ ಇವರ ಕಾಯಂ ಸೀಟು. ಮಗಳಿಗೆ ಗಂಡು ಹುಡುಕುವಾಗಲೂ, ಹುಡುಗ ಗೂಡ್ಸ್ ಗಾಡಿಯ ಗಾರ್ಡು ಅಂದದ್ದೇ ತಡ, ಸಂಬಳ ಕೇಳಲಿಲ್ಲ ಮಹಾರಾಯರು, "ಯಾವ ಲೈನಿನ ಗಾರ್ಡು?" ಅಂದರು. ಇದೇ ಲೈನು ಅಂತ ಗೊತ್ತಾದ ಮೇಲೆ ಇನ್ನೇನು ಮಾತು! ನಾದಿನಿ ಇವತ್ತಿಗೂ ಹೇಳುತ್ತಾಳೆ, "ಇವರಿಗೆ ಬೇಕಾಗಿದ್ದಿದ್ದು ಅಳಿಯ ಅಲ್ಲ ಭಾವ, ಗಾಡಿಯ ಹಿಂದಿನ ಡಬ್ಬಿ."

ಆ ಲೈನಿನದೊಂದು ಪದ್ಧತಿ ಹೇಳಿಬಿಡುತ್ತೇನೆ, ಕತೆಗೆ ಬೇಕು. ಇಡೀ ಲೈನಿಗೆ ಒಂದೇ ಒಂದು ಕೋಲು. ಕೆಂಪು ಬಳಿದ ಮರದ ಕೋಲು, ತುದಿಗೆ ಹಿತ್ತಾಳೆ ಬಳೆ, ಆ ಬಳೆಯ ಅಂಚು ಒಂದು ಕಡೆ ಮುಕ್ಕಾಗಿದೆ. ಅದು ಡ್ರೈವರನ ಕೈಗೆ ಬಂದರೆ ಮಾತ್ರ ಗಾಡಿ ಒಳಗೆ ಹೋಗಬಹುದು. ಆ ಗಾಡಿ ಕೋಲಿನ ಸಮೇತ ವಾಪಸ್ಸಾಗುವ ತನಕ ಇನ್ನೊಂದು ಗಾಡಿ ಆ ಹಳಿ ಮುಟ್ಟುವ ಹಾಗಿಲ್ಲ. ಕೋಲು ಒಂದು, ಗಾಡಿ ಒಂದು. ಮುಗಿಯಿತು.

ಆವತ್ತು ಸಂಜೆ ಜಂಕ್ಷನ್ನಿನಲ್ಲಿ ಡ್ರೈವರ್ ಕೋಲು ಇಸಕೊಂಡದ್ದನ್ನು ಇವರೇ ನಿಂತು ನೋಡಿದರು. ಕೊನೆಯ ಡಬ್ಬಿಯಿಂದ ಅಳಿಯ ಕೈ ಬೀಸಿ, "ರಾತ್ರಿ ಊಟಕ್ಕೆ ಬರ್ತೀನಿ ಮಾವ" ಅಂದ. ಇವರು ಅಂಗಡಿಗೆ ಹೋದರು. ಯಾರದೋ ಕೂಲಿಂಗ್ ಗ್ಲಾಸಿಗೆ ಹೊಸ ಹಸಿರು ಗಾಜು ಕೂರಿಸಬೇಕಿತ್ತು. ಗಾಜಿನ ನಡುವೆ ಗುರುತಿಗೆ ಬಿಳಿ ಶಾಯಿಯ ಚುಕ್ಕಿ ಇಟ್ಟರು. ಅಷ್ಟರಲ್ಲಿ ಹೊತ್ತು ಮೀರಿತು, ಉಳಿದದ್ದು ನಾಳೆಗೆ ಅಂತ ಗಾಜನ್ನು ಜೇಬಿಗೆ ಹಾಕಿಕೊಂಡು ಮನೆ ಕಡೆ ಹೊರಟರು.

ಬಾವಿ ಹತ್ತಿರ ಬಂದಾಗ ಇಡೀ ದಾರಿಗೆ ಅವರೊಬ್ಬರೇ. ಗೂಡ್ಸು ಇನ್ನೂ ವಾಪಸ್ಸು ಬಂದಿರಲಿಲ್ಲ. ಬಂದಿದ್ದರೆ ಹಳಿಯ ಮೇಲೆ ಜಲ್ಲಿಯ ಹೊಸ ಧೂಳು ಇರುತ್ತಿತ್ತು, ಟಾರ್ಚ್ ಹಾಕಿ ನೋಡಿದರು, ಇಲ್ಲ. ಯಾಕೋ ಮನಸ್ಸು ನಿಲ್ಲಲಿಲ್ಲ. ಕಟ್ಟೆಯ ಮೇಲೆ ಕೂತರು. ಎದ್ದರು. ಮತ್ತೆ ಕೂತರು.

ಆಗ ಹಳಿ ಹಾಡಿತು... ಟಿಣ್... ಟಿಣ್... ಸ್ಸ್ಸ್...

"ಸದ್ಯ, ಬಂದ" ಅಂತ ಕ್ವಾರಿಯ ಕಡೆ ತಿರುಗಿದರು. ಅಲ್ಲಿ ಬರೀ ಕತ್ತಲೆ.

ಬೆಳಕು ಬಿದ್ದದ್ದು ಬೆನ್ನಿಗೆ... ಜಂಕ್ಷನ್ ಕಡೆಯಿಂದ.

ಬೇರೆ ಯಾರಾದರೂ ಆಗಿದ್ದರೆ ಗಾಡಿ ಬಂತು ಅಂತ ಸುಮ್ಮನಿರುತ್ತಿದ್ದರು. ಇವರು ಲೆಕ್ಕ ಹಾಕಿದರು. ಕೋಲು ಒಳಗಿದೆ. ಅಳಿಯ ಒಳಗಿದ್ದಾನೆ. ಹಾಗಾದರೆ ಇದು ಯಾವ ಗಾಡಿ? ಹೀಗೇ ಹೋದರೆ ಎದುರುಬದುರು!

ಹಳಿಗೆ ಹಾರಿ ಟಾರ್ಚನ್ನು ಹುಚ್ಚರ ಹಾಗೆ ಅಡ್ಡಡ್ಡ ಬೀಸಿದರು. ಬೆಳಕು ಹತ್ತಿರ ಬಂತು. ಅಂಥಾ ಬೆಳಕಿನ ಸುತ್ತ ಒಂದು ಹುಳವೂ ಹಾರುತ್ತಿರಲಿಲ್ಲ... ಕಾಲ ಕೆಳಗೆ ನೆಲವೂ ನಡುಗುತ್ತಿರಲಿಲ್ಲ. ಕಿರ್ರ್ರ್... ಬ್ರೇಕು. ಇವರು ಪಕ್ಕಕ್ಕೆ ನೆಗೆದರು. ಎಂಜಿನ್ ದಾಟಿತು, ಡಬ್ಬಿಗಳು ದಾಟಿದವು, ಢಣ್, ಢಣ್, ಢಣ್ ಅಂತ ಒಂದಕ್ಕೊಂದು ಗುದ್ದುತ್ತಾ ಹೋಗಿ, ಕೊನೆಯ ಡಬ್ಬಿ ಸರಿಯಾಗಿ ಬಾವಿಯ ಎದುರು ನಿಂತಿತು.

ಬಾಗಿಲಲ್ಲಿ ಒಬ್ಬ ಗಾರ್ಡು ಕೂತಿದ್ದ. ಟೋಪಿಯ ನೆರಳಲ್ಲಿ ಮುಖ ಕಾಣದು.

"ಯಾಕೆ ನಿಲ್ಲಿಸಿದ್ರಿ?" ಪಿಸುದನಿ.

"ಮುಂದೆ ಗಾಡಿ ಇದೆ ಸ್ವಾಮೀ! ಕೋಲು ಅವರ ಹತ್ತಿರ ಇದೆ!"

"ಕೋಲು ಇಲ್ಲಿದೆಯಲ್ಲ..."

ತೊಡೆಯ ಮೇಲಿತ್ತು. ಕೆಂಪು ಕೋಲು. ಬಳೆಯ ಅಂಚು ಮುಕ್ಕು.

ಷಡ್ಡಕರು ಟಾರ್ಚ್ ಬಿಟ್ಟು ನೋಡಿದರು, ಅದೇ ಕೋಲು. "ಹಾಗಾದ್ರೆ... ಅವರ ಹತ್ತಿರ?"

ಗಾರ್ಡು ಕೋಲಿನಿಂದ ಹಳಿಯ ಮುಂದಕ್ಕೆ ತೋರಿಸಿದ. "ನಿಲ್ಲಿಸಿದವರೇ ಬಿಡಬೇಕು. ಹಸಿರು ತೋರಿಸಿ."

"ನನ್ನ ಹತ್ತಿರ ಎಲ್ಲಿದೆ ಹಸಿರು?"

"ಜೇಬಲ್ಲಿ..."

ಅವರ ಕೈ ತಾನಾಗಿ ಜೇಬಿಗೆ ಹೋಯಿತು. ಗಾಜು ತಣ್ಣಗೆ ಬೆರಳಿಗೆ ತಗುಲಿತು. ಟಾರ್ಚಿನ ಮುಂದೆ ಹಿಡಿದರೆ ಆಯಿತು, ಈ ಪೀಡೆ ತೊಲಗುತ್ತದೆ. ಆದರೆ ತೊಲಗುವುದು ಯಾವ ಕಡೆಗೆ? ಅಷ್ಟರಲ್ಲೇ ಕ್ವಾರಿಯ ತಿರುವಿನಲ್ಲಿ... ಪೋಂಂಂ... ಆ ಹಾರನ್ನಿನ ಕೊನೆಯ ಸಣ್ಣ ನಡುಕ ಇವರಿಗೆ ಚೆನ್ನಾಗಿ ಗೊತ್ತು. ಅಳಿಯನ ಗಾಡಿ.

"ಹಸಿರು..." ಅಂತು ಪಿಸುದನಿ, ಈ ಸಲ ಕಿವಿಯ ಪಕ್ಕದಲ್ಲೇ.

"ತೋರಿಸಲ್ಲ! ಏನು ಬೇಕಾದ್ರೂ ಮಾಡ್ಕೋ!" ಗಾಜನ್ನು ತೆಗೆದು ಬಾವಿಗೆ ಎಸೆದರು.

ಒಣಬಾವಿ. ಕಲ್ಲಿಗೆ ಬಿದ್ದು ಟಿಕ್ ಅನ್ನಬೇಕಿತ್ತು. ಅನ್ನಲಿಲ್ಲ. ಕಿವಿಗೊಟ್ಟು ಕೇಳಿದರು... ಏನೂ ಇಲ್ಲ. ತಿರುಗಿ ನೋಡಿದರೆ ಲೈನು ಖಾಲಿ. ಹಳಿಗಳ ನಡುವಿನ ಹುಲ್ಲು ಒಂದು ಎಸಳೂ ಬಾಗಿರಲಿಲ್ಲ.

ಮರುಗಳಿಗೆಗೆ ನಿಜವಾದ ಗಾಡಿ ಬಂತು. ನೆಲ ನಡುಗಿತು, ಡೀಸೆಲ್ ವಾಸನೆ ಮೂಗಿಗೆ ಬಡಿಯಿತು, ಜಲ್ಲಿ ಚೂರು ಮೈಮೇಲೆ ಉದುರಿತು. ಇಂಥಾ ಸುಖ ಜನ್ಮದಲ್ಲಿ ಕಂಡಿರಲಿಲ್ಲ ಅನ್ನುತ್ತಾರೆ. ಕೊನೆಯ ಡಬ್ಬಿಯಿಂದ ಅಳಿಯ ಎಂದಿನ ಹಾಗೆ ಕೈದೀಪ ತೋರಿಸಿದ. ಹಸಿರು. ಇವರು ಮನೆಯ ಕಡೆ ಓಡಿದರು.

ಅಳಿಯ ಮನೆಗೆ ಬಂದಾಗ ಇವರು ಬಾಗಿಲಲ್ಲೇ ಇದ್ದರು.

"ಕೋಲು ಎಲ್ಲಿತ್ತು ಅಳಿಯಂದ್ರೇ?"

"ಡ್ರೈವರ್ ಹತ್ತಿರ ಮಾವ, ಇನ್ನೆಲ್ಲಿರುತ್ತೆ?"

"ಬಂದವರಿಗೆ ಮೊದಲು ಊಟ ಹಾಕೋಣ್ವೋ, ಕೋಲು ಹಾಕೋಣ್ವೋ?" ಅಂತ ಒಳಗಿಂದ ನಾದಿನಿ.

ಅಳಿಯ ಚಪ್ಪಲಿ ಬಿಡುತ್ತಾ ಅಂದ, "ಒಂದು ತಮಾಷೆ ಕೇಳಿ ಮಾವ. ಕ್ವಾರೀಲಿ ಕಲ್ಲು ಬಡಿದು ದೀಪದ ಹಸಿರು ಗಾಜು ಪುಡಿಪುಡಿ. ಇವತ್ತು ನಿಮಗೆ ಬಿಳಿ ಬೆಳಕೇ ಗತಿ ಅಂದ್ಕೊಂಡಿದ್ದೆ. ಬಾವಿ ಹತ್ತಿರ ದೀಪ ಎತ್ತಿದ್ರೆ... ಹಸಿರು! ಯಾರು ಯಾವಾಗ ಹಾಕಿದ್ರೋ."

ದೀಪವನ್ನು ಮೇಜಿನ ಮೇಲಿಟ್ಟ. ಅದರ ಕಿಂಡಿಯಲ್ಲಿ ಕೂತಿದ್ದದ್ದು ಕೂಲಿಂಗ್ ಗ್ಲಾಸಿನ ಗಾಜು.

ನೀವು ನಗಿ, ಅಡ್ಡಿಯಿಲ್ಲ. ಮೊದಲ ಸಲ ಕೇಳಿದಾಗ ನಾನೂ ನಕ್ಕೆ. ಷಡ್ಡಕರು ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಿಂದ ಆ ಗಾಜು ತೆಗೆದು ನನ್ನ ಅಂಗೈಯಲ್ಲಿಟ್ಟರು. ಗಿರಾಕಿಗೆ ಬೇರೆ ಗಾಜು ಹಾಕಿಕೊಟ್ಟರಂತೆ. ನಡೆದದ್ದು ನಡೆದ ಹಾಗೇ ಹೇಳಿದ್ದೇನೆ, ನನ್ನ ಕಡೆಯಿಂದ ಒಂದು ಮಾತೂ ಸೇರಿಸಿಲ್ಲ. ಗಾಜನ್ನು ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಒಂದು ಗೀರಿಲ್ಲ. ನಡುವೆ ಬಿಳಿ ಶಾಯಿಯ ಚುಕ್ಕಿ ಹಾಗೇ ಇತ್ತು.