ನೂರಾ ಅರವತ್ತೊಂದನೆಯವನು

ಜೈಲಿನ ದೊಡ್ಡ ಗೇಟಿನ ಎದುರು, ಭೇಟಿಗೆ ಬಂದವರು ಕಾಯಲೆಂದು ಹಾಕಿದ್ದ ತಗಡಿನ ಶೆಡ್ಡಿನಲ್ಲಿ ಆ ಬೆಳಿಗ್ಗೆ ಕಾಲಿಡಲು ಜಾಗವಿರಲಿಲ್ಲ. ಮಳೆ ಹಿಡಿದು ಮೂರು ದಿನವಾಗಿತ್ತು. ಕಿಟಕಿಯಲ್ಲಿ ಕೂತ ಗುಮಾಸ್ತ ಒಂದೊಂದೇ ನಂಬರು ಕೂಗುತ್ತಿದ್ದ. ಟೀಚರಮ್ಮ ಕಿಟಕಿಯಿಂದ ವಾಪಸು ಬಂದು, ಒದ್ದೆಯಾದ ಉತ್ತರದ ಚೀಟಿಯನ್ನು ಮುದುರಿ ಬೆಂಚಿನ ಮೇಲೆ ಎಸೆದಳು. ಅವಳ ತಮ್ಮನ ಪೆರೋಲ್ ಅರ್ಜಿಗೆ ಮೂರನೆಯ ಸಲವೂ ಅದೇ ಉತ್ತರ ಬಂದಿತ್ತು: ಪರಿಶೀಲನೆಯಲ್ಲಿದೆ.

"ಆರು ತಿಂಗಳಿಂದ ಪರಿಶೀಲನೆ! ಅಮ್ಮ ಆಸ್ಪತ್ರೇಲಿ ಅವನ ಹೆಸರು ಕನವರಿಸ್ತಿದ್ದಾಳೆ. ಇವನು ಒಳಗೇ ಸತ್ತುಹೋದ್ರೆ ಆಗಲಾದ್ರೂ ಬಿಡ್ತಾರೇನೋ!"

"ಇಲ್ಲ ಮಗಳೇ," ಎಂದಿತು ಮೂಲೆಯಿಂದ ಒಂದು ದನಿ. "ಆಗ್ಲೂ ಬಿಡಲ್ಲ."

ಅಲ್ಲಿ ಕೂತಿದ್ದವರು ಎಲ್ಲರೂ ಎಣಿಕೆ ಅಜ್ಜ ಎಂದು ಕರೆಯುವ ಮುದುಕರು. ಮೂವತ್ತನಾಲ್ಕು ವರ್ಷ ಇದೇ ಜೈಲಿನಲ್ಲಿ ವಾರ್ಡರ್ ಆಗಿದ್ದು ನಿವೃತ್ತರಾದವರು. ಈಗ ದಿನಾ ಈ ಶೆಡ್ಡಿಗೆ ಬಂದು, ಬರೆಯಲು ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಟೀಚರಮ್ಮನಿಗೆ ಸಿಟ್ಟು ಬಂತು. ಆದರೆ ಅಜ್ಜನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಅವಳು ಮೆಲ್ಲಗೆ ಅವರ ಪಕ್ಕ ಕೂತಳು. ಲಾರಿ ಡ್ರೈವರನೊಬ್ಬ ಬೀಡಿ ಆರಿಸಿ ಹತ್ತಿರ ಸರಿದ. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡು ಶುರುಮಾಡಿದರು.

ಕೇಳಿ. ಆಗ ನಾನು ನಾಲ್ಕನೇ ಬ್ಯಾರಕ್ಕಿನ ಎಣಿಕೆ ವಾರ್ಡರ್. ಆ ಬ್ಯಾರಕ್ ಕಟ್ಟಿದ್ದು ನಲವತ್ತು ಜನಕ್ಕೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿತ್ತು, ನಲವತ್ತು ಅಂತ. ಒಳಗಿದ್ದವರೆಷ್ಟು? ನೂರಾ ಅರವತ್ತೊಂದು! ಮಲಗೋದು ಪಾಳಿ ಮೇಲೆ... ಅರ್ಧ ಜನ ಮಲಗಿದ್ರೆ ಇನ್ನರ್ಧ ಜನ ಗೋಡೆಗೆ ಆತುಕೊಂಡು ನಿಂತಿರಬೇಕು, ಮಲಗಿದವರೂ ಒಂದೇ ಮಗ್ಗುಲಿಗೆ, ಒಬ್ಬ ಹೊರಳಿದ್ರೆ ಸಾಲಿಗೆ ಸಾಲೇ ಹೊರಳಬೇಕು, ಒಬ್ಬ ಕೆಮ್ಮಿದ್ರೆ ಹತ್ತು ಜನಕ್ಕೆ ಎಚ್ಚರ. ಬಾಗಿಲು ತೆಗೆದ್ರೆ ಆ ಬಿಸಿ ಉಸಿರು ಮುಖಕ್ಕೆ ಹೊಡೆಯೋದು.

ಅಲ್ಲೊಬ್ಬ ಟೈಲರ್ ಇದ್ದ. ಜಗಳದಲ್ಲಿ ಒಬ್ಬನ್ನ ತಳ್ಳಿದ್ದ, ಬಿದ್ದವನು ಏಳಲಿಲ್ಲ. ತಪ್ಪು ಮಾಡಿದ್ದೀನಿ ಅಂತ ತಾನೇ ಹೇಳ್ತಿದ್ದ, ಶಿಕ್ಷೆಯ ಒಂದು ದಿನಕ್ಕೂ ತಕರಾರಿಲ್ಲ. ಅವನದ್ದು ಒಂದೇ ಆಸೆ. ಹನ್ನೊಂದು ವರ್ಷದ ಮಗಳಿಗೆ ದಿನೇ ದಿನೇ ಕಣ್ಣು ಮಂದ ಆಗ್ತಿತ್ತು. "ಸಾಹೇಬ್ರೇ, ಪೂರ್ತಿ ಕತ್ತಲಾಗೋ ಮುಂಚೆ ನನ್ನ ಮುಖ ಒಂದ್ಸಲ ನೋಡ್ಲಿ. ಹದಿನೈದೇ ದಿನ. ಹೇಳಿದ ದಿನಕ್ಕೆ ವಾಪಸ್ ಬರ್ತೀನಿ, ನನ್ನ ಮಾತು ನಂಬಿ" ಅನ್ನೋನು. ನಾನು ನಂಬಿದ್ದೆ. ನಾನು ನಂಬಿದ್ರೆ ಏನಾಯ್ತು? ಒಂದ್ಸಲ ಪೊಲೀಸ್ ವರದಿ ಬಂದಿಲ್ಲ ಅಂದ್ರು. ಇನ್ನೊಂದ್ಸಲ ಜಾಮೀನುದಾರರ ಸಹಿ ಸರಿಯಿಲ್ಲ ಅಂದ್ರು. ಆಮೇಲೆ ಫೈಲೇ ಸಿಗ್ತಿಲ್ಲ ಅಂದ್ರು. ಹೀಗೇ ಹದಿನಾಲ್ಕು ತಿಂಗಳು...

ಒಂದು ಬೆಳಿಗ್ಗೆ ಮಾಮೂಲಿನಂತೆ ಕಂಬಿ ಆಚೆಯಿಂದ ತಲೆ ಎಣಿಸಿದೆ. ನೂರಾ ಅರವತ್ತೊಂದು. ಪುಸ್ತಕದಲ್ಲಿ "ಸರಿ" ಅಂತ ಬರೆದೆ. ಬಾಗಿಲು ತೆಗೆದೆ. ಜನ ಹೊರಗೆ ಬರ್ತಾ ಬರ್ತಾ ಒಳಗಿನ ಗುಂಪು ತೆಳ್ಳಗಾಯ್ತು ನೋಡಿ... ಹಿಂದಿನ ಗೋಡೆಗೆ ನಿಂತಿದ್ದ ಟೈಲರ್, ನಿಂತ ಹಾಗೇ, ಮರದ ಹಲಗೆ ಬಿದ್ದ ಹಾಗೆ, ಮುಖ ಅಡಿಯಾಗಿ ಬಿದ್ದ. ಕೈ ಕೂಡ ಮುಂದೆ ಚಾಚಲಿಲ್ಲ.

ಡಾಕ್ಟರ್ ಬಂದು ನೋಡಿ ನನ್ನ ಮುಖ ನೋಡಿದ್ರು. "ಏನ್ರೀ ಇದು? ಇವನು ಸತ್ತು ಹನ್ನೆರಡು ಗಂಟೆ ಆಗಿದೆ."

ಹನ್ನೆರಡು ಗಂಟೆ! ಅಂದ್ರೆ ಹಿಂದಿನ ಸಂಜೆ ಬೀಗ ಹಾಕಿ ನಾನು ಎಣಿಸೋ ಹೊತ್ತಿಗೇ ಅವನು ಹೋಗಿದ್ದ. ಬೀಳೋಕೂ ಜಾಗ ಇಲ್ಲದೆ, ಆ ಕಡೆ ಈ ಕಡೆ ಭುಜಗಳ ಮಧ್ಯೆ ಸಿಕ್ಕಿಕೊಂಡು ನಿಂತಿದ್ದ. ನಿಂತೇ ನಿದ್ದೆ ಮಾಡ್ತಿದ್ದಾನೆ ಅಂತ ಪಾಳಿ ಬದಲಾದಾಗಲೂ ಯಾರೂ ಎಬ್ಬಿಸಿರಲಿಲ್ಲ. ನಾನು ಅವನನ್ನ ಎರಡು ಸಲ ಎಣಿಸಿದ್ದೆ ಮಕ್ಕಳೇ. ಸತ್ತವನನ್ನ ಎರಡು ಸಲ ಎಣಿಸಿ "ಸರಿ" ಅಂತ ಬರೆದಿದ್ದೆ.

ಮನೆಗೆ ಕಾಗದ ಹೋಯ್ತು, "ಈ ವಿಳಾಸದಲ್ಲಿ ಇಲ್ಲ" ಅಂತ ವಾಪಸ್ ಬಂತು. ಬಾಡಿಗೆ ಕಟ್ಟಲಾರದೆ ಅವರು ಮನೆ ಬದಲಾಯಿಸಿದ್ರು ಅಂತ ನಮಗೇನು ಗೊತ್ತು? ನಾಲ್ಕು ದಿನ ಕಾದು ಜೈಲಿನವರೇ ಮಣ್ಣು ಮಾಡಿದ್ವಿ. ಗುಂಡಿಗೆ ಇಳಿಸಿದ್ದು ಈ ಕೈನಲ್ಲೇ.

ಸರಿ, ಪುಸ್ತಕದಲ್ಲಿ ಈಗೆಷ್ಟು? ನೂರಾ ಅರವತ್ತು. ಮಣ್ಣು ಮಾಡಿದ ಸಂಜೆ ಬೀಗ ಹಾಕಿ ತಲೆ ಎಣಿಸ್ತೀನಿ... ನೂರಾ ಅರವತ್ತೊಂದು. ಇನ್ನೊಮ್ಮೆ ಎಣಿಸಿದೆ. ನೂರಾ ಅರವತ್ತೊಂದು. ಹೆಸರು ಕೂಗಿದೆ, ನೂರಾ ಅರವತ್ತು ಜನ ಓಗೊಟ್ರು. ಎಲ್ಲರನ್ನೂ ಹೊರಗೆ ಕರೆದು ಒಬ್ಬೊಬ್ಬರನ್ನೇ ಮುಟ್ಟಿ ಒಳಗೆ ಬಿಟ್ಟೆ, ನೂರಾ ಅರವತ್ತು. ಬಾಗಿಲು ಹಾಕಿ ಎಣಿಸಿದ್ರೆ ಮತ್ತೆ ಒಂದು ಜಾಸ್ತಿ! ಸೂಪರಿಂಟೆಂಡೆಂಟ್ ಸಾಹೇಬ್ರು ನನಗೆ ಕುಡಿದಿದ್ದೀಯ ಅಂತ ಬೈದು, ತಾವೇ ಎಣಿಸಿ, ಅವರಿಗೂ ಒಂದು ಜಾಸ್ತಿ ಬಂದಾಗ ಪುಸ್ತಕ ನನ್ನ ಕೈಗಿಟ್ಟು ಹೋದ್ರು.

ಹೀಗೇ ದಿನ ಕಳೀತು. ಹನ್ನೊಂದನೇ ದಿನ ಏನು ಬಂತು ಗೊತ್ತಾ? ಟೈಲರನ ಪೆರೋಲ್ ಆರ್ಡರ್. ಹದಿನೈದು ದಿನ ಮಂಜೂರು!

ಅಜ್ಜ ಕೆಮ್ಮಿದರು. ಲಾರಿ ಡ್ರೈವರ್ ನೀರಿನ ಬಾಟಲಿ ಮುಂದೆ ಹಿಡಿದ. ಅವರು ಬೇಡವೆಂದು ಕೈಯಾಡಿಸಿದರು. ಕಿಟಕಿಯಿಂದ ಯಾವುದೋ ನಂಬರು ಕೂಗಿದ್ದು ಕೇಳಿಸಿದರೂ ಟೀಚರಮ್ಮ ತನ್ನ ಭೇಟಿಯ ನಂಬರಿನ ಚೀಟಿ ನೋಡಿಕೊಳ್ಳಲಿಲ್ಲ.

ಆಗಿನ ಗುಮಾಸ್ತ ಆ ಆರ್ಡರನ್ನ ವಾಪಸ್ ಕಳಿಸೋಣ ಅಂದ. ನನಗೆ ತಡೆಯೋಕಾಗಲಿಲ್ಲ, ಕಿತ್ತುಕೊಂಡು ಹೋದೆ. ನಾಲ್ಕನೇ ಬ್ಯಾರಕ್ಕಿನ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಕೊನೆಗೆ, "ನಿನ್ನ ಪೆರೋಲ್ ಬಂತು ಕಣಪ್ಪ, ಹೋಗಿ ಬಾ" ಅಂದೆ. ಆಮೇಲೆ... ಹಿಂದಿನ ಗೋಡೆ ಹತ್ರ ಜನ ಸರಿದ್ರು. ಯಾರೋ ದಾರಿ ಕೇಳಿಕೊಂಡು ಬರ್ತಿದ್ದಾರೆ ಅನ್ನೋ ಹಾಗೆ ಒಂದೊಂದೇ ಭುಜ ಪಕ್ಕಕ್ಕೆ ತಿರುಗ್ತಾ ತಿರುಗ್ತಾ, ನೆಟ್ಟಗೆ ನನ್ನ ತನಕ ಒಂದು ದಾರಿ ತೆರೆದುಕೊಳ್ತು. ನನ್ನ ಕೈ ತಾನಾಗೇ ಬೀಗ ತೆಗೀತು. ಮಂಜುಗಡ್ಡೆ ಇಟ್ಟ ಹಾಗೆ ಏನೋ ಭುಜಕ್ಕೆ ತಾಗಿ ಹೋಯ್ತು. ಬಾಗಿಲು ಹಾಕಿ ಎಣಿಸಿದೆ. ನೂರಾ ಅರವತ್ತು.

ಹದಿನೈದು ದಿನ ನಿಶ್ಚಿಂತೆ. ಲೆಕ್ಕ ಪಕ್ಕಾ. ಹೋದ ಪಾಪ, ಮುಕ್ತಿ ಸಿಕ್ತು ಅಂದುಕೊಂಡೆ. ಆದ್ರೆ ಪೆರೋಲ್ ಅಂದ್ರೆ ಬಿಡುಗಡೆಯಾ? ಅಲ್ಲವಲ್ಲ! ಅವಧಿ ಮುಗಿದ ಸಂಜೆ ಬೀಗ ಹಾಕಿ ಎಣಿಸ್ತೀನಿ... ನೂರಾ ಅರವತ್ತೊಂದು. ಮಾತು ಕೊಟ್ಟಿದ್ದನಲ್ಲ, ಹೇಳಿದ ದಿನಕ್ಕೆ ವಾಪಸ್ ಬಂದಿದ್ದ.

ಮಾರನೇ ಬೆಳಿಗ್ಗೆ ಗೇಟಿಗೆ ಒಬ್ಬ ಹೆಂಗಸು ಬಂದ್ಲು. ಟೈಲರನ ಹೆಂಡತಿ. "ಅಣ್ಣಾ, ನಮ್ಮವರು ನಿನ್ನೆ ಸರಿಯಾಗಿ ಬಂದು ಸೇರಿದ್ರಾ?" ಅಂದ್ಲು.

ನಾನು ಬಾಯಿ ತೆಗೆಯೋ ಮುಂಚೆ ಅವಳೇ ಹೇಳ್ತಾ ಹೋದ್ಲು. "ಹದಿನೈದು ದಿನಾನೂ ಮನೇಲೇ ಇದ್ರು. ಊಟ ಮುಟ್ಟಲಿಲ್ಲ. ಒಂದು ದಿನವೂ ಮಲಗಲಿಲ್ಲ ಅಣ್ಣಾ, ಗೋಡೆಗೆ ಆತು ನಿಂತೇ ಇರೋರು. ಹಾಸಿಗೆ ಹಾಸಿದ್ರೆ, 'ಬೇರೆಯವರು ಮಲಗ್ಲಿ, ನನ್ನ ಪಾಳಿ ಇನ್ನೂ ಬಂದಿಲ್ಲ' ಅನ್ನೋರು. ಮಗಳಿಗೆ ಈಗ ಏನೂ ಕಾಣಲ್ಲ. ಅಪ್ಪನ ಮುಖ ಸವರಿ, 'ಯಾಕಪ್ಪ ಇಷ್ಟು ತಣ್ಣಗಿದ್ದೀಯ' ಅಂತ ಅತ್ಲು."

"ತಾಯಿ," ಅಂದೆ, "ಅವನು ಹೋಗಿ ತಿಂಗಳಾಯ್ತು. ಮಣ್ಣು ಮಾಡಿದ್ದು ನಾನೇ."

ಅವಳು ಅಳಲಿಲ್ಲ. ಚೀಲದಿಂದ ಮಗಳ ಶಾಲೆ ಅಂಗಿ ತೆಗೆದು ತೋಳು ತೋರಿಸಿದ್ಲು. "ಇದನ್ನ ಮೊನ್ನೆ ಹೊಲಿದುಕೊಟ್ರು." ಬಿಳಿ ಅಂಗಿಗೆ ನೀಲಿ ದಾರ. ಕೈದಿಗಳ ಬಟ್ಟೆ ಹೊಲಿಯೋಕೆ ಇಲ್ಲಿ ಒಳಗೆ ಕೊಡೋ ದಾರ ಅದು. ಹೊರಗೆಲ್ಲೂ ಸಿಗಲ್ಲ.

ಅಂಗಿ ಮಡಿಚಿ ಚೀಲಕ್ಕೆ ಹಾಕಿಕೊಂಡು ಕೇಳಿದ್ಲು, "ಹಾಗಾದ್ರೆ ಈಗ ಅವರು ಒಳಗಿದ್ದಾರೋ ಇಲ್ವೋ, ಅಷ್ಟು ಹೇಳಿ."

"ಇದ್ದಾನೆ ತಾಯಿ" ಅಂದೆ.

"ಹಾಗಾದ್ರೆ ಇನ್ನೊಂದು ಅರ್ಜಿ ಬರ್ಕೊಡಿ."

ಬರೆದುಕೊಟ್ಟೆ. ನಾನು ಬರೆದ ಮೊದಲನೇ ಅರ್ಜಿ ಅದು. ಇಪ್ಪತ್ತಾರು ವರ್ಷ ಆಯ್ತು, ಇನ್ನೂ ಉತ್ತರ ಇಲ್ಲ. ಹೋದ ವಾರ ಈಗಿನ ಎಣಿಕೆ ವಾರ್ಡರ್ ನನ್ನ ಮನೆಗೆ ಬಂದಿದ್ದ. "ಅಜ್ಜಾ, ನಾಲ್ಕನೇ ಬ್ಯಾರಕ್ಕಿನ ಲೆಕ್ಕ ಕೂಡ್ತಿಲ್ಲ" ಅಂದ. ಒಂದು ಜಾಸ್ತಿ ಬರುತ್ತಾ ಅಂತ ಕೇಳಿದೆ. ಒಂದಲ್ಲವಂತೆ... ನಾಲ್ಕಂತೆ.

ಅಗೋ, ನಿನ್ನ ನಂಬರು ಕೂಗಿದ್ರು. ಹೋಗು ಮಗಳೇ, ತಮ್ಮನ್ನ ನೋಡ್ಕೊಂಡು ಬಾ. ಮಾತು ಆಮೇಲೆ ಆಡಿದ್ರಾಯ್ತು... ಮೊದಲು ಕಂಬಿಯೊಳಗೆ ಕೈ ಹಾಕಿ ಅವನ ಕೈ ಮುಟ್ಟು. ಬೆಚ್ಚಗಿದೆಯಾ ನೋಡು.