ಎಡೆ ಇಡುವ ಮಾತು

"ಈ ಫೋಟೋಕ್ಕ ಮಾಲಿ ಯಾರು ಹಾಕ್ಯಾರ?"

ರಾಯಚೂರಿನ ಸೈನಿಕರ ಮ್ಯೂಸಿಯಂ ನೋಡಲು ಅರಕೇರಾದ ಮಹಿಳಾ ಸಂಘದವರು ಬಂದಿದ್ದರು. ಅವರಲ್ಲೊಬ್ಬಾಕೆ ತನ್ನ ಗಂಡನ ಫೋಟೋ ಮುಂದೆ ನಿಂತು, ಯಾರನ್ನೂ ನೋಡದೆ ಹೀಗೆ ಕೇಳಿದಳು. ಪಕ್ಕದಲ್ಲಿ ಅತ್ತೆಯಿದ್ದಳು. ನಾನು ಅವರ ಹಿಂದೆಯೇ ಇದ್ದೆ.

"ಇರಲಿ ಬಿಡು ಯಶೋಧಾ. ಎಲ್ಲಾರ ಫೋಟೋಕ್ಕೂ ಹಾಕ್ಯಾರ."

"ಎಲ್ಲಾರ ಹೆಣ ಊರಿಗೆ ಬಂದಾವ. ಇವ್ರದು ಬಂದದೇನು?"

"ಹಿಮದಾಗ ಹೂತು ಹೋದವ ಹೆಂಗ ಬರತಾನ ಬೇ? ಆರು ವರ್ಷ ಆತು."

"ನಾ ಕಣ್ಣಿಲೆ ನೋಡಿಲ್ಲ."

ಅತ್ತೆ ಸೆರಗಿನಿಂದ ಗಾಜು ಒರೆಸಿದಳು.

"ಮಾರಿ ನೋಡು, ಒಂದೀಟೂ ನಕ್ಕಿಲ್ಲ."

"ನಿಮ್ಮ ಮಗ ಮದಿವಿ ದಿನರ ನಕ್ಕಿದ್ರೇನು?"

ಇಬ್ಬರೂ ತುಸು ನಕ್ಕರು. ಆಮೇಲೆ ಅತ್ತೆ ಸೊಸೆಯ ಕೈ ಹಿಡಿದಳು.

"ಈ ಸಲ ಹಿರಿಯರ ಅಮಾಸಿಗೆ ಅವಂಗೊಂದು ಎಡಿ ಇಡವ್ವಾ. ಸತ್ತವ್ರೆಲ್ಲಾ ಉಣ್ಣಾಗ ನನ್ನ ಕೂಸೊಂದು ಉಪಾಸ ಕುಂತಿರತದ. ನಿನ್ನ ಕಾಲು ಬೀಳ್ತೀನಿ."

ಸೊಸೆ ಕೈ ಬಿಡಿಸಿಕೊಂಡು ಬಾಗಿಲ ಕಡೆ ನಡೆದಳು. ಅತ್ತೆ ಹಿಂದೆಯೇ ಹೋದಳು. ಹೊಸ್ತಿಲಾಚೆಯಿಂದ ಸೊಸೆಯ ದನಿ ಕೇಳಿತು:

"ಎಡಿ ಇಟ್ರ ಅವ್ರು ಸತ್ತಾರಂತ ನಾನ ಒಪ್ಪಿದಂಗ. ಇಡಂಗಿಲ್ಲ, ಅತ್ತಿ."